ನೀರುಗಂಟಿಯ ಆಯದಿಂದ ನಲ್ಲಿಯ ಬಿಲ್ಲಿನವರೆಗೆ

ಹಳ್ಳಿಯ ನೀರು ಯಾವ ಕಾಲದಲ್ಲೂ ಪುಕ್ಕಟೆಯಾಗಿರಲಿಲ್ಲ. ಕೈಯಿಂದ ಕೈಗೆ ರೊಕ್ಕ ಹೋಗುತ್ತಿರಲಿಲ್ಲ, ಅಷ್ಟೆ. ಕೆಲವರು ರಾಗಿ, ಭತ್ತ ಅಳೆದು ಕೊಟ್ಟರು. ಕೆಲವರು ಬೇಸಿಗೆಯಲ್ಲಿ ಕೆರೆಗಿಳಿದು ಹೂಳು ಹೊತ್ತರು. ಹೆಂಗಸರು ನೆತ್ತಿ, ಕತ್ತು, ಸೊಂಟ ಸವೆಸಿ ಬೆಲೆ ತೆತ್ತರು. ಬಾವಿಕಟ್ಟೆ ಹತ್ತುವ ಹಾಗಿಲ್ಲದವರು ಮಾನದಲ್ಲಿ ತೆತ್ತರು. ಈಚೆಗೆ ಮನೆಮನೆಯ ನಲ್ಲಿಗೆ ಮೀಟರ್ ಕೂರಿಸುವ ಮಾತು ಬಂದಾಗ ಕರ್ನಾಟಕದ ಹಲವು ಊರುಗಳಲ್ಲಿ ‘ನೀರಿಗೂ ದುಡ್ಡು ಕೊಡಬೇಕಾ?’ ಎಂಬ ಸಿಟ್ಟು ಎದ್ದಿತು. ಸಿಟ್ಟಿಗೆ ಕಾರಣಗಳಿವೆ. ಆ ಕಾರಣಗಳು ತಿಳಿಯಬೇಕಾದರೆ ಊರಿನ ನೀರಿನ ಲೆಕ್ಕವನ್ನು ಬಹಳ ಹಿಂದಿನಿಂದ ಓದಿಕೊಂಡು ಬರಬೇಕು. ಯಾರು ನೀರು ಬಿಡುತ್ತಿದ್ದರು, ಅವರ ಹೊಟ್ಟೆಗೆ ಯಾರು ಹಾಕುತ್ತಿದ್ದರು ಎಂಬಲ್ಲಿಂದಲೇ ಆ ಲೆಕ್ಕ ಶುರುವಾಗುತ್ತದೆ.

ಹಳೇ ಮೈಸೂರಿನ ಬಯಲುಸೀಮೆಯ ಕೆರೆಯೂರುಗಳಲ್ಲಿ ಆ ಕೆಲಸ ನೀರುಗಂಟಿಯದು. ಶಾನುಭೋಗ, ತಳವಾರ, ತೋಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸರ ಸಾಲಿನಲ್ಲಿ ಅವನೂ ಒಬ್ಬ ಆಯಗಾರ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿಕೊಳ್ಳುವುದು, ಕಾಲುವೆ ಒಡೆದರೆ ಕಟ್ಟುವುದು, ಕೋಡಿ ಬೀಳುವ ರಾತ್ರಿ ಏರಿಯ ಮೇಲೆ ಕಾವಲು ಕೂರುವುದು, ಎಲ್ಲಾದರೂ ಏರಿ ಜಿನುಗಿದರೆ ಊರನ್ನು ಎಬ್ಬಿಸುವುದು ಅವನ ಹೊಣೆ. ಮಳೆ ಕೈಕೊಟ್ಟ ವರ್ಷ ಅವನ ಮಾತೇ ಕಾನೂನು. ಕೆರೆಯಲ್ಲಿ ಉಳಿದ ನೀರು ನೋಡಿ ಈ ಸಲ ಇಷ್ಟೇ ಗದ್ದೆ ನಾಟಿಯಾಗಲಿ ಎಂದು ಊರು ತೀರ್ಮಾನಿಸಿದರೆ ಅದನ್ನು ನಡೆಸಬೇಕಾದವನು ಅವನೇ. ಸುಗ್ಗಿಯಲ್ಲಿ ಕಣದಲ್ಲಿ ರಾಶಿಯಾದ ಮೇಲೆ, ಕಾಳು ಮನೆಯ ಕಣಜ ಸೇರುವ ಮೊದಲು, ಆಯಗಾರರಿಗೆ ಅಳೆದು ಕೊಡುವ ಪಾಲಿನಲ್ಲಿ ಅವನ ಪಾಲೂ ಇರುತ್ತಿತ್ತು. ಕೆಲವೆಡೆ ಅದರ ಜೊತೆಗೆ ಕೆರೆಯ ಕೆಳಗೆ ತುಂಡು ಇನಾಮು ಭೂಮಿ ಇರುತ್ತಿತ್ತು.

ಅದು ಸಂಬಳವೂ ಹೌದು, ನೀರಿನ ದರವೂ ಹೌದು. ಬೆಳೆ ಬಂದವನು ಕೊಡುತ್ತಿದ್ದ, ಬೆಳೆ ಹೋದ ವರ್ಷ ನೀರುಗಂಟಿಯೂ ಎಲ್ಲರ ಜೊತೆ ಹಸಿಯುತ್ತಿದ್ದ. ನೀರು ಸರಿಯಾಗಿ ಬಿಡದಿದ್ದರೆ ಕಣದಲ್ಲೇ ಅವನಿಗೆ ಮಾತು ಕೇಳಿಸುತ್ತಿತ್ತು. ಕೊಟ್ಟವನಿಗೆ ತಾನು ಯಾವುದಕ್ಕೆ ಕೊಟ್ಟೆ ಎಂಬುದು ಕಣ್ಣೆದುರೇ ಇತ್ತು.

ಈ ವ್ಯವಸ್ಥೆಯನ್ನು ಹೊಗಳುವವರು ಅದರ ಇನ್ನೊಂದು ಮುಖವನ್ನು ಮರೆಯಬಾರದು. ಬಹಳ ಊರುಗಳಲ್ಲಿ ನೀರುಗಂಟಿ ದಲಿತ ಕುಟುಂಬದವನು. ಕೆರೆಯ ಕೆಳಗೆ ಹೇಳಿಕೊಳ್ಳುವಷ್ಟು ಹೊಲವಿಲ್ಲದವನು ಪಕ್ಷಪಾತ ಮಾಡಲಾರ ಎಂಬ ಎಣಿಕೆ ಅದರ ಹಿಂದಿತ್ತೆಂದು ವಿವರಿಸುವವರಿದ್ದಾರೆ. ಇರಬಹುದು. ಆದರೆ ಊರಿಗೆಲ್ಲ ನೀರು ಹಂಚುತ್ತಿದ್ದ ಅವನು ಊರೊಳಗಿನ ಸೇದುವ ಬಾವಿಗೆ ಹಗ್ಗ ಇಳಿಸುವ ಹಾಗಿರಲಿಲ್ಲ. ಅವನ ಹೆಂಡತಿ ಕೊಡ ಹಿಡಿದು ದೂರ ನಿಂತು, ಯಾರಾದರೂ ಮೇಲಿನಿಂದ ಸುರಿದರೆ ಹಿಡಿದುಕೊಂಡು ಹೋಗಬೇಕಿತ್ತು.

ಕೆರೆಯ ಖರ್ಚಿನ ಲೆಕ್ಕ ಇದಕ್ಕೂ ಹಳೆಯದು. ಕನ್ನಡ ನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವನಿಗೆ, ಒಡೆದದ್ದನ್ನು ಸರಿಮಾಡಿಸಿದವನಿಗೆ ಅದರ ಕೆಳಗಿನ ಭೂಮಿಯಲ್ಲಿ ಪಾಲು; ಹೂಳೆತ್ತುವ ಬಂಡಿಗೆ, ಏರಿಯ ರಿಪೇರಿಗೆ ಬೆಳೆಯಲ್ಲಿ ಇಷ್ಟು ಎಂಬ ಕಟ್ಟಳೆ. ಬುಕ್ಕರಾಯನ ಮಗ ಭಾಸ್ಕರ ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆಡಿಸುವ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಕಟ್ಟಿಸುವುದಷ್ಟೇ ಅಲ್ಲ, ಉಳಿಸಿಕೊಳ್ಳುವುದಕ್ಕೂ ವರ್ಷವರ್ಷ ಖರ್ಚಿದೆ ಎಂಬ ತಿಳಿವಳಿಕೆ ಆ ಕಾಲಕ್ಕೇ ಇತ್ತು. ಇಂದಿನ ಯೋಜನೆಗಳ ಅಂದಾಜುಪಟ್ಟಿಯಲ್ಲಿ ಹುಡುಕಿದರೆ ಮೊದಲು ಕಾಣೆಯಾಗಿರುವುದು ಈ ಖರ್ಚೇ.

ಕುಡಿಯುವ ನೀರಿನ ಕಥೆ ಸೀಮೆಯಿಂದ ಸೀಮೆಗೆ ಬೇರೆ. ಕರಾವಳಿಯಲ್ಲಿ ಮನೆಗೊಂದು ಬಾವಿ. ಮಲೆನಾಡಿನಲ್ಲಿ ಗುಡ್ಡದ ಅಬ್ಬಿನೀರನ್ನು ಸೀಳಿದ ಅಡಿಕೆ ದಬ್ಬೆಯಲ್ಲಿ ಬಚ್ಚಲವರೆಗೆ ಹರಿಸಿಕೊಂಡರು. ಅಲ್ಲಿ ನೀರು ಮನೆಯ ಆಸ್ತಿ, ಊರಿನ ವ್ಯವಹಾರವಲ್ಲ. ಬಯಲುಸೀಮೆಗೆ ಬಂದರೆ ಸಿಹಿನೀರಿನ ಬಾವಿ ಊರಿಗೆ ಒಂದೋ ಎರಡೋ, ಉಳಿದವು ಸವುಳು. ದನಕ್ಕೆ ಗೋಕಟ್ಟೆ, ಬಟ್ಟೆಗೆ ಕೆರೆಯ ಅಂಚು, ಅಡುಗೆಗೆ ಮಾತ್ರ ಆ ಒಂದು ಬಾವಿಯ ನೀರು.

ಉತ್ತರ ಕರ್ನಾಟಕದ ಒಣ ಜಿಲ್ಲೆಗಳಲ್ಲಿ ಮೆಟ್ಟಿಲ ಬಾವಿ ಮತ್ತು ಹೊಂಡ. ಮೆಟ್ಟಿಲಿಳಿದು ಕಾಲು ನೀರಲ್ಲಿಟ್ಟು ಕೊಡ ತುಂಬುವ ಆ ಬಾವಿಗಳು ಒಂದು ಭಯಂಕರ ರೋಗದ ತವರಾಗಿದ್ದವು. ಅದು ನಾರುಹುಣ್ಣು. ಕುಡಿದ ನೀರಿನಲ್ಲಿದ್ದ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜಲಚರದ ಮೂಲಕ ಹುಳು ಮೈ ಸೇರಿ, ವರ್ಷದ ಹೊತ್ತಿಗೆ ಗಜದುದ್ದ ಬೆಳೆದು, ಕಾಲಿನಲ್ಲಿ ಬೊಕ್ಕೆಯೆದ್ದು ಒಡೆದು ದಾರದ ಹಾಗೆ ತಲೆ ಹಾಕುತ್ತಿತ್ತು. ಉರಿ ತಾಳದೆ ರೋಗಿ ಅದೇ ಬಾವಿಯ ನೀರಿಗೆ ಕಾಲಿಟ್ಟರೆ ಸಾವಿರಾರು ಮರಿಗಳು ನೀರಿಗೆ ಬೀಳುತ್ತಿದ್ದವು. ಮುಂದಿನ ವರ್ಷ ಇಡೀ ಓಣಿಗೆ ಹುಣ್ಣು. ಹುಳುವನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲದಷ್ಟು ಎಳೆಯುತ್ತ ವಾರಗಟ್ಟಲೆ ಕೂರಬೇಕಿತ್ತು. ನಡುವೆ ಹರಿದರೆ ಕಾಲು ಬಾತು ಕೀವಾಗುತ್ತಿತ್ತು. ಬಿತ್ತನೆಯ ದಿನಗಳಲ್ಲೇ ಮನೆಯ ಗಂಡಾಳು ಮಲಗಿದರೆ ಆ ವರ್ಷದ ಕೂಳಿಗೆ ಸಂಚಕಾರ. 1983–84ರಲ್ಲಿ ಶುರುವಾದ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಮೆಟ್ಟಿಲ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು, ಕೈಪಂಪು ಹಾಕಿದರು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತ ಎಂದು ಸಾರಿತು. ಲಸಿಕೆಯಿಲ್ಲ, ಮದ್ದಿಲ್ಲ, ನೀರು ಸರಿಮಾಡಿದ್ದರಿಂದಲೇ ಒಂದು ರೋಗ ಅಳಿಯಿತು. ಗ್ರಾಮೀಣ ನೀರು ಪೂರೈಕೆಯ ಚರಿತ್ರೆಯಲ್ಲಿ ಇಷ್ಟು ಸ್ಪಷ್ಟವಾದ ಗೆಲುವು ಮತ್ತೊಂದಿಲ್ಲ.

ಸರ್ಕಾರ ಹಳ್ಳಿಯ ನೀರಿನ ಹೊಣೆ ಹೊತ್ತದ್ದು ನಿಧಾನಕ್ಕೆ. ಧಾತು-ಈಶ್ವರ ಸಂವತ್ಸರಗಳ ಬರ ಮೈಸೂರು ಸಂಸ್ಥಾನದ ಜನರಲ್ಲಿ ಐದರಲ್ಲೊಂದು ಪಾಲನ್ನು ನುಂಗಿದ ಮೇಲೆ ಕೆರೆಗಳ ಪ್ರಶ್ನೆ ಸರ್ಕಾರದ ತಲೆಗೆ ಏರಿತು. ಕಂದಾಯದ ಆಡಳಿತ ಬಿಗಿಯಾದಂತೆ ಕೆರೆ ಸರ್ಕಾರದ್ದು ಎಂಬ ಭಾವನೆ ಬೆಳೆದು, ಊರು ಹೂಳೆತ್ತುವುದನ್ನು ಬಿಡತೊಡಗಿತ್ತು. 1911ರಲ್ಲಿ ಕೆರೆ ಪಂಚಾಯಿತಿಗಳ ರೆಗ್ಯುಲೇಷನ್ ತಂದು ಊರವರನ್ನು ಮತ್ತೆ ಕೆರೆಗೆ ಕಟ್ಟಿಹಾಕುವ ಯತ್ನ ನಡೆಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಗ್ರಾಮ ಸುಧಾರಣೆಯ ಯೋಜನೆ ಬಂತು: ಊರವರು ಚಂದಾ ಎತ್ತಬೇಕು, ಮೈಗೆಲಸ ಕೊಡಬೇಕು, ಉಳಿದದ್ದಕ್ಕೆ ಸರ್ಕಾರ ಕೈಜೋಡಿಸುತ್ತದೆ. ಕುಡಿಯುವ ನೀರಿನ ಬಾವಿ ಆ ಕೆಲಸಗಳಲ್ಲಿ ಮುಖ್ಯವಾದದ್ದು. 1926ರ ಗ್ರಾಮ ಪಂಚಾಯಿತಿ ರೆಗ್ಯುಲೇಷನ್ ಬಂದ ಮೇಲೆ ಬಾವಿ, ಬೀದಿ, ಚರಂಡಿಗಳು ಪಂಚಾಯಿತಿಯ ಪಟ್ಟಿಗೆ ಸೇರಿದವು. ಇಂದಿನ ‘ಸಮುದಾಯ ವಂತಿಗೆ’ ಹೊರಗಿನ ಬ್ಯಾಂಕುಗಳು ಕಲಿಸಿದ ಪಾಠವೆಂದು ಬಗೆಯುವವರು ಈ ಹಳೆಯ ಕಡತಗಳನ್ನು ಒಮ್ಮೆ ನೋಡಬೇಕು.

ಸಾರ್ವಜನಿಕ ಹಣದಲ್ಲಿ ತೋಡಿದ ಬಾವಿ ಎಲ್ಲರಿಗೂ ಸಾರ್ವಜನಿಕವೇ? ಆ ಪ್ರಶ್ನೆ ಮುಂಬೈ ಪ್ರಾಂತ್ಯದಲ್ಲಿ ಎದ್ದಿತು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಗಳು ಆಗ ಅದೇ ಪ್ರಾಂತ್ಯದಲ್ಲಿದ್ದವು. ಸರ್ಕಾರಿ ಹಣದಲ್ಲಿ ಕಟ್ಟಿದ, ನಡೆಸುವ ಕೆರೆ-ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದೆಂದು ಅಲ್ಲಿನ ಶಾಸನ ಪರಿಷತ್ತು 1923ರಲ್ಲಿ ಠರಾವು ಮಾಡಿತು. ಠರಾವು ಕಾಗದದಲ್ಲೇ ಉಳಿದಾಗ 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡ್‌ನ ಚವದಾರ್ ಕೆರೆಗಿಳಿದು ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಕೋರ್ಟಿನ ವ್ಯಾಜ್ಯ ಮುಗಿದು ಅವರ ಪರ ತೀರ್ಪು ಬಂದದ್ದು 1937ರಲ್ಲಿ. ಅಸ್ಪೃಶ್ಯತೆಯನ್ನು ಅಪರಾಧವೆಂದ ಕೇಂದ್ರದ ಕಾಯ್ದೆ 1955ರದು. ಅದರಾಚೆಗೂ ಸರ್ಕಾರಗಳು ಹಿಡಿದ ಸುಲಭದ ದಾರಿ ಒಂದೇ. ಊರ ಬಾವಿಯ ಕಟ್ಟೆ ತೆರೆಸುವ ಬದಲು ದಲಿತ ಕೇರಿಗೆ ಬೇರೆ ಬಾವಿ, ಆಮೇಲೆ ಬೇರೆ ಬೋರು, ಬೇರೆ ನೀರಿನ ತೊಂಬೆ. ನೀರು ಬಂತು, ಬೇಲಿ ಉಳಿಯಿತು.

ಇತ್ತ 1961ರಲ್ಲಿ ಮೈಸೂರು ರಾಜ್ಯ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡುವ ಕಾಯ್ದೆ ತಂದಿತು. ಹುಟ್ಟಿನ ಆಧಾರದ ಚಾಕರಿ ಕೊನೆಯಾದದ್ದು ನ್ಯಾಯವೇ. ಆದರೆ ನೀರು ನೋಡಿಕೊಳ್ಳುವವನಿಗೆ ಊರು ಕೊಡುತ್ತಿದ್ದ ಪಾಲು ನಿಂತ ಮೇಲೆ ಆ ಜಾಗದಲ್ಲಿ ಸಂಬಳದ ಗಟ್ಟಿ ವ್ಯವಸ್ಥೆಯನ್ನು ಯಾರೂ ತಂದು ಕೂರಿಸಲಿಲ್ಲ. ಆ ಖಾಲಿ ಜಾಗ ಇಂದಿಗೂ ಪೂರ್ತಿ ತುಂಬಿಲ್ಲ.

ಅರವತ್ತರ ದಶಕದ ಕೊನೆಯ ಬರಗಳಲ್ಲಿ ಯುನಿಸೆಫ್ ಗಟ್ಟಿಬಂಡೆ ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತಂದಿತು. ದಖ್ಖನಿನ ಕಪ್ಪುಕಲ್ಲು, ಬೆಣಚುಕಲ್ಲುಗಳ ಅಡಿಯ ನೀರು ಅಲ್ಲಿಯವರೆಗೆ ಸಲಿಕೆ-ಗುದ್ದಲಿಗೆ ಎಟುಕುತ್ತಿರಲಿಲ್ಲ. ಈಗ ಒಂದೆರಡು ದಿನದಲ್ಲಿ ಕೊಳವೆ ಇಳಿಯತೊಡಗಿತು. ತೊಡಕಾದದ್ದು ಮೇಲೆ ಕೂರಿಸುವ ಪಂಪು. ಒಂದು ಮನೆಯ ಅಂಗಳಕ್ಕೆಂದು ಮಾಡಿದ ಬೀಡುಕಬ್ಬಿಣದ ಪಂಪುಗಳು ಇಡೀ ಊರಿನ ಕೈಗೆ ಸಿಕ್ಕು ತಿಂಗಳೊಪ್ಪತ್ತಿನಲ್ಲಿ ಮುರಿದು ಬೀಳುತ್ತಿದ್ದವು. ಸೊಲ್ಲಾಪುರದ ಸುತ್ತ ಬಳಕೆಗೆ ಬಂದಿದ್ದ ಉಕ್ಕಿನ ಪಂಪೊಂದು ಮಾತ್ರ ತಡೆದುಕೊಂಡಿತ್ತು. ಅದನ್ನೇ ತಿದ್ದಿ ಎಪ್ಪತ್ತರ ದಶಕದ ಕೊನೆಗೆ ‘ಇಂಡಿಯಾ ಮಾರ್ಕ್–2’ ಕೈಪಂಪು ತಯಾರಾಯಿತು. ಜಗತ್ತಿನ ಎಷ್ಟೋ ಬಡ ದೇಶಗಳು ಅದನ್ನೇ ಬಳಸಿದವು.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಅದಕ್ಕೆ ‘ಬೋರಿಂಗು’ ಎಂದೇ ಹೆಸರು. ನಿಮಿಷಕ್ಕೆ ನಲವತ್ತು ಸಲ ಹಿಡಿ ಒತ್ತಿದರೆ ಸುಮಾರು 12 ಲೀಟರ್ ನೀರು, ಅಂದರೆ ಒಂದು ದೊಡ್ಡ ಬಿಂದಿಗೆ. ಒತ್ತುವಾಗ ತಲೆಯೊಳಗೆ ಚೈನು ಕಿರುಗುಟ್ಟುವ ಸದ್ದು ಮೂರು ಬೀದಿಗೆ ಕೇಳುತ್ತಿತ್ತು. ಹುಡುಗಿಯರು ನೆಗೆದು ಹಿಡಿಗೆ ಜೋತುಬಿದ್ದು ಇಡೀ ಮೈಭಾರದಿಂದ ಒತ್ತುತ್ತಿದ್ದರು. ಸುತ್ತ ಕಟ್ಟಿದ ಸಿಮೆಂಟು ಕಟ್ಟೆ, ಅದರಿಂದ ಹೊರಟ ಸಣ್ಣ ಕಾಲುವೆ, ಕಾಲುವೆಯ ತುದಿಯಲ್ಲಿ ಯಾರೋ ನೆಟ್ಟ ಬಾಳೆ. ಒಳಗಿನ ತೊಗಲಿನ ವಾಷರ್ ಸವೆದರೆ ಮಾತ್ರ ಫಜೀತಿ. ಮುಕ್ಕಾಲಿ ನಿಲ್ಲಿಸಿ, ನೂರಡಿಯಷ್ಟು ಕಬ್ಬಿಣದ ಪೈಪನ್ನು ತುಂಡು ತುಂಡಾಗಿ ಮೇಲೆತ್ತಿ, ಅಂಗೈಯಗಲದ ವಾಷರ್ ಬದಲಿಸಬೇಕು. ಅದಕ್ಕೆ ತಾಲ್ಲೂಕಿನಿಂದ ಮೆಕ್ಯಾನಿಕ್ಕುಗಳ ತಂಡವೇ ಬರಬೇಕು. ಬರುವವರೆಗೆ ಊರು ಹಳೆಯ ಬಾವಿಗೆ ಹಿಂತಿರುಗುತ್ತಿತ್ತು.

ಈ ಬೋರಿಂಗಿನ ಜೊತೆ ಕರ್ನಾಟಕ ಒಂದು ಹೆಸರನ್ನು ಸೇರಿಸಿಯೇ ನೆನೆಯುತ್ತದೆ. ಅದು ಅಬ್ದುಲ್ ನಜೀರ್ ಸಾಬ್. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ವಹಿಸಿಕೊಂಡ ಅವರು, ಬರದ ಮೇಲೆ ಬರ ಬಿದ್ದ ಆ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದರು. ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಇಲಾಖೆಯ ಯಾವ ಫಲಕವೂ ಕೊಡಲಾರದ ಬಿರುದು ಅದು. 250 ಜನಕ್ಕೊಂದು ಕೈಪಂಪು ಎಂಬುದು ಆ ಕಾಲದ ಅಳತೆಗೋಲು. ನೀರಿಗಾಗಿ ಮೈಲಿಗಟ್ಟಲೆ ನಡೆಯುತ್ತಿದ್ದ ಹೆಂಗಸರ ಪಾಲಿಗೆ ಅದು ದಿನದಲ್ಲಿ ಗಂಟೆಗಟ್ಟಲೆ ಬಿಡುವು ತಂದಿತು.

ನಜೀರ್ ಸಾಬರ ದೊಡ್ಡತನ ಕೊರೆಸಿದ ಬೋರುಗಳ ಎಣಿಕೆಯಲ್ಲಷ್ಟೇ ಇಲ್ಲ. ನೀರು ಕೊಡುವ ಅಧಿಕಾರವನ್ನೂ ಅವರು ಹಳ್ಳಿಗೆ ಕೊಡಲು ಹೊರಟರು. ಅವರು ಮುಂದೆ ನಿಂತು ತಂದ 1983ರ ಮಸೂದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ಹುಟ್ಟಿಸಿತು. 1987ರ ಜನವರಿಯಲ್ಲಿ ಚುನಾವಣೆ ನಡೆದು, ಕಾಲುಭಾಗ ಸ್ಥಾನಗಳಲ್ಲಿ ಹೆಂಗಸರು ಕೂತರು. ನೀರಿನ ತಾಪತ್ರಯ ಹೊತ್ತವರೇ ನೀರಿನ ಲೆಕ್ಕ ನೋಡುವ ಸಾಧ್ಯತೆ ಹೀಗೆ ಮೊದಲ ಸಲ ತೆರೆಯಿತು. 1988ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ. ಸಂವಿಧಾನದ 73ನೇ ತಿದ್ದುಪಡಿ ಬಂದು, ಕುಡಿಯುವ ನೀರು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿ ಸೇರುವ ಹೊತ್ತಿಗೆ ಕರ್ನಾಟಕ ಆ ದಾರಿಯಲ್ಲಿ ಕೆಲವು ವರ್ಷ ನಡೆದಾಗಿತ್ತು.

ಬೋರಿಂಗಿನ ನೀರಿಗೆ ಯಾರೂ ದುಡ್ಡು ಕೇಳಲಿಲ್ಲ. ಬರದ ನಡುವೆ ಕೇಳುವುದೂ ಸಲ್ಲದು. ಆದರೆ ಸರ್ಕಾರ ಕೊರೆಸಿತು, ಸರ್ಕಾರವೇ ರಿಪೇರಿ ಮಾಡಿಸಲಿ ಎಂಬ ಮನಸ್ಸು ಅಲ್ಲಿಂದ ಬೇರೂರಿತು. ‘ನಮ್ಮ ಬಾವಿ’ ಹೋಗಿ ‘ಸರ್ಕಾರಿ ಬೋರು’ ಬಂತು.

ಬೋರಿಂಗನ್ನು ಕೊಂದದ್ದು ಅದರ ಪಕ್ಕದ ಹೊಲದ ಪಂಪ್‌ಸೆಟ್ಟು. ಮಾರ್ಕ್–2 ಸುಮಾರು 150 ಅಡಿಯ ಆಚೆಗಿನ ನೀರನ್ನು ಎತ್ತಲಾರದು. ಸಬ್‌ಮರ್ಸಿಬಲ್ ಪಂಪು ಎಷ್ಟು ಆಳಕ್ಕೂ ಇಳಿಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರುಗಳಲ್ಲಿ ಅಂತರ್ಜಲ ಕೆಳಕೆಳಕ್ಕೆ ಜಾರಿ ಬೋರುಗಳು ಸಾವಿರ ಅಡಿ ದಾಟಿದವು. ಸರ್ಕಾರಿ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು 1999ರ ಕಾಯ್ದೆ ಹೇಳುತ್ತದೆ. ಆ ಕಾಯ್ದೆ ಇದೆಯೆಂಬುದನ್ನೇ ಬಹಳ ಊರು ಕೇಳಿಲ್ಲ. ಆಳಕ್ಕಿಳಿದ ನೀರಿನ ಜೊತೆ ಫ್ಲೋರೈಡ್ ಮೇಲೆ ಬಂತು. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆ ಮಕ್ಕಳ ಹಲ್ಲು ಕಂದುಗಟ್ಟಿದವು, ದೊಡ್ಡವರ ಮೂಳೆ ಬಾಗಿದವು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ ಎನ್ನುವ ಫ್ಲೋರೈಡ್ ಅಲ್ಲಿನ ಎಷ್ಟೋ ಬೋರುಗಳಲ್ಲಿ ಅದರ ಎರಡು ಮೂರು ಪಟ್ಟು ಇತ್ತು. ರಾಯಚೂರು, ಯಾದಗಿರಿಯ ಚಿನ್ನದ ಗಣಿಯ ಸೀಮೆಯಲ್ಲಿ ಆರ್ಸೆನಿಕ್ ಕಾಣಿಸಿಕೊಂಡಿತು. ಕಳೆದ ದಶಕದಲ್ಲಿ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದದ್ದು ಇದೇ ಕಾರಣಕ್ಕೆ. ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಕೊಳ್ಳುವ ಈ ಘಟಕಗಳ ಮುಂದೆ ಹಳ್ಳಿಯ ಜನ ಗೊಣಗದೆ ದುಡ್ಡು ಕೊಡುತ್ತಾರೆ. ಗಮನಿಸಬೇಕಾದ ಸಂಗತಿಯಿದು. ಕೊಟ್ಟ ಗಳಿಗೆಯಲ್ಲೇ ಕ್ಯಾನು ತುಂಬುತ್ತದೆ, ನೀರು ಬಾಯಿಗೆ ಹಿತವಾಗಿದೆ. ಫಿಲ್ಟರ್ ಬದಲಿಸುವವರಿಲ್ಲದೆ ಘಟಕಕ್ಕೆ ಬೀಗ ಬಿದ್ದ ಊರುಗಳಲ್ಲಿ ಮಾತ್ರ ಜನ ಮತ್ತೆ ಫ್ಲೋರೈಡ್ ನೀರಿಗೇ ಮರಳಿದ್ದಾರೆ.

ಕೈಪಂಪಿನ ನಂತರ ಬಂದದ್ದು ಕಿರು ನೀರು ಪೂರೈಕೆ. ಮೈಸೂರು-ಮಂಡ್ಯದಲ್ಲಿ ‘ತೊಂಬೆ’, ಕೆಲವು ಕಡೆ ‘ಸಿಸ್ಟನ್’, ಉತ್ತರ ಕರ್ನಾಟಕದಲ್ಲಿ ‘ಗುಮ್ಮಿ’ ಎನ್ನುವ ಗುಂಡನೆಯ ಸಣ್ಣ ಟ್ಯಾಂಕು, ಅದರ ಸುತ್ತ ನಾಲ್ಕು ನಲ್ಲಿ. ದೊಡ್ಡ ಊರಿಗೆ ಓವರ್‌ಹೆಡ್ ಟ್ಯಾಂಕು, ಬೀದಿ ನಲ್ಲಿ. 1993ರಿಂದ ವಿಶ್ವಬ್ಯಾಂಕ್ ನೆರವಿನ ಯೋಜನೆ, 2002ರಿಂದ ಉತ್ತರದ 11 ಜಿಲ್ಲೆಗಳಲ್ಲಿ ‘ಜಲನಿರ್ಮಲ’. ಕೇಂದ್ರವೂ 1999ರಿಂದ ದಾರಿ ಬದಲಿಸಿತು: ಕಾಮಗಾರಿಯ ವೆಚ್ಚದಲ್ಲಿ ಶೇ 10 ಊರಿನವರದು, ಆಮೇಲಿನ ನಿರ್ವಹಣೆ ಪೂರ್ತಿ ಅವರದೇ. ನೀರು ಸಮಿತಿಗಳು ರಚನೆಯಾದವು, ಪಾಸ್‌ಬುಕ್ ತೆರೆದವು. ಲೆಕ್ಕವನ್ನು ಊರಮುಂದೆ ಓದಿದ ಕಡೆ ವಸೂಲಿಯೂ ಆಯಿತು. ಗುತ್ತಿಗೆದಾರನೇ ಊರವರ ಹೆಸರಲ್ಲಿ ವಂತಿಗೆ ಕಟ್ಟಿದ ಕಡೆ ಯೋಜನೆ ಊರಿನದ್ದಾಗಲೇ ಇಲ್ಲ.

2019ರ ಆಗಸ್ಟ್ 15ರಂದು ಜಲಜೀವನ್ ಮಿಷನ್ ಘೋಷಣೆಯಾದಾಗ ದೇಶದ ಗ್ರಾಮೀಣ ಮನೆಗಳಲ್ಲಿ ನಲ್ಲಿ ಇದ್ದದ್ದು ಶೇ 17ರಷ್ಟಕ್ಕೆ. ಕರ್ನಾಟಕದಲ್ಲಿ ಸುಮಾರು 24 ಲಕ್ಷ ಮನೆಗಳಿಗೆ ನಲ್ಲಿಯಿತ್ತು. ‘ಮನೆ ಮನೆಗೆ ಗಂಗೆ’ ಎಂಬ ಹೆಸರಲ್ಲಿ ರಾಜ್ಯ ಅದನ್ನು ಜಾರಿಗೆ ತಂದಿತು. ತಲೆಗೆ ದಿನಕ್ಕೆ 55 ಲೀಟರ್ ಅದರ ಗುರಿ. ಹಿಂದಿನ ಅಳತೆ 40 ಇತ್ತು. ಪೈಪು ಹೂಳಲು ಅಗೆದ ಕಾಂಕ್ರೀಟ್ ರಸ್ತೆಗಳು ಎಷ್ಟೋ ಊರಲ್ಲಿ ಅಗೆದಂತೆಯೇ ಇವೆ. ನಲ್ಲಿ ಇದೆ, ನೀರಿಲ್ಲ ಎಂಬ ದೂರು ಗ್ರಾಮಸಭೆಗಳಲ್ಲಿ ಎಲ್ಲಕ್ಕಿಂತ ಮೊದಲು ಕೇಳುತ್ತದೆ.

ಈ ಎಲ್ಲ ಪೈಪುಗಳ ತುದಿಯಲ್ಲಿ ನಿಂತಿರುವವನು ಮತ್ತೆ ನೀರುಗಂಟಿ. ಕೆಲವೆಡೆ ವಾಟರ್‌ಮನ್ ಎನ್ನುತ್ತಾರೆ. ಕೆರೆಯ ಏರಿಯಿಂದ ಇಳಿದು ಪಂಚಾಯಿತಿ ನೌಕರನಾದವನು. ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೋ ಆ ಹೊತ್ತಿಗೆ, ನಡುರಾತ್ರಿಯಾದರೂ ಎದ್ದು ಪಂಪ್‌ಹೌಸಿಗೆ ಹೋಗಿ ಸ್ಟಾರ್ಟರ್ ಒತ್ತುತ್ತಾನೆ. ಬೆಳಗಿನ ಜಾವಕ್ಕೆ ಟ್ಯಾಂಕು ತುಂಬಿದ ಮೇಲೆ ಬ್ಲೀಚಿಂಗ್ ಪುಡಿ ಕಲಸಿ ಹಾಕಬೇಕು. ಆಮೇಲೆ ಮಾರುದ್ದದ ಕಬ್ಬಿಣದ ಕೀ ಹೆಗಲಿಗೇರಿಸಿ ಬೀದಿ ಬೀದಿಯ ವಾಲ್ವ್ ಗುಂಡಿಗೆ ಕೈಹಾಕಿ ತಿರುಗಿಸಬೇಕು. ಮೇಲಿನ ಬೀದಿಗೆ ಅರ್ಧ ಗಂಟೆ, ದೇವಸ್ಥಾನದ ಬೀದಿಗೆ ಅರ್ಧ ಗಂಟೆ. ಮೇಲಿನವರು ನಲ್ಲಿಗೆ ಸಣ್ಣ ಮೋಟಾರು ಕಟ್ಟಿ ಎಳೆದುಕೊಂಡರೆ ಕೊನೆಯ ಕೇರಿಗೆ ಬರೀ ಗಾಳಿ. ಆ ಕೊನೆಯ ಕೇರಿ ಬಹಳ ಊರುಗಳಲ್ಲಿ ದಲಿತರ ಕಾಲೊನಿಯೇ ಆಗಿರುತ್ತದೆ. ಬೈಗುಳ ಮಾತ್ರ ನೀರುಗಂಟಿಗೆ. ಕನಿಷ್ಠ ವೇತನದ ಆದೇಶವಿದ್ದರೂ ಪಂಚಾಯಿತಿಯ ಖಾತೆಯಲ್ಲಿ ದುಡ್ಡಿಲ್ಲದ ತಿಂಗಳುಗಳಲ್ಲಿ ಸಂಬಳ ನಿಲ್ಲುತ್ತದೆ. ಬಾಕಿ ಸಂಬಳಕ್ಕಾಗಿ ಪಂಚಾಯಿತಿ ನೌಕರರು ಧರಣಿ ಕೂರುವುದು ವರ್ಷವರ್ಷದ ಸುದ್ದಿ.

ದುಡ್ಡು ಎಲ್ಲಿ ಹೋಯಿತು? ಬಹುಪಾಲು ಕರೆಂಟ್ ಬಿಲ್ಲಿಗೆ. ಮನೆಗೆ ತಿಂಗಳಿಗೆ ಕೆಲವೆಡೆ 30, ಕೆಲವೆಡೆ 100 ರೂಪಾಯಿ ನೀರಿನ ದರವಿದೆ. ಅದರಲ್ಲೂ ಕೈಗೆ ಬರುವುದು ಒಂದು ಪಾಲು. ಪಂಪು ನಡೆಸುವ ವಿದ್ಯುತ್ತಿನ ಬಾಕಿ ಪಂಚಾಯಿತಿಗಳ ಹೆಗಲಿಗೆ ಬೆಟ್ಟದಂತೆ ಬೆಳೆದು ನಿಂತಿದೆ. ಶಾಸನಬದ್ಧ ಅನುದಾನದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಅದೇ ಊರಿನ ಹೊಲದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಬಾಳೆ, ಟೊಮೆಟೊ ಬೆಳೆಯುವ ನೀರಿಗೆ ಬಿಲ್ಲಿಲ್ಲ, ಅದೇ ಅಂತರ್ಜಲದಿಂದ ಮಕ್ಕಳ ಬಾಯಿಗೆ ಬರುವ ನೀರಿಗೆ ಬಿಲ್ಲಿದೆ. ರೈತನ ಮೇಲೆ ಹೊರೆ ಹೊರಿಸಿ ಎಂದು ಯಾರೂ ಹೇಳಬೇಕಿಲ್ಲ. ಕುಡಿಯುವ ನೀರಿನ ಪಂಪಿಗೂ ಕನಿಷ್ಠ ಅದೇ ಮರ್ಯಾದೆ ಸಲ್ಲಬೇಕು ಎಂದು ಕೇಳುವುದು ತಪ್ಪಲ್ಲ. ಆ ಒಂದು ನಿರ್ಧಾರದಿಂದ ನೀರುಗಂಟಿಯ ಸಂಬಳಕ್ಕೂ ಪೈಪಿನ ರಿಪೇರಿಗೂ ಪಂಚಾಯಿತಿಯಲ್ಲೇ ಹಣ ಉಳಿಯುತ್ತದೆ.

ಬಳಸಿದ ನೀರಿನ ಕಥೆ ಇನ್ನೂ ತೆಳು. ಹಿಂದೆ ಬಚ್ಚಲ ನೀರು ಹಿತ್ತಿಲ ಬಾಳೆಗೆ, ಕೆಸುವಿಗೆ, ತಿಪ್ಪೆಗೆ. ಹೊತ್ತು ತಂದ ನಾಲ್ಕು ಬಿಂದಿಗೆ ನೀರಿಗೆ ಚರಂಡಿ ಬೇಕಿರಲಿಲ್ಲ. ಶೌಚದ ಪ್ರಶ್ನೆಯನ್ನು ಮೈಸೂರು ಸಂಸ್ಥಾನ 1929ರ ಸುಮಾರಿಗೇ ಕೈಗೆತ್ತಿಕೊಂಡಿತ್ತು. ರಾಕ್‌ಫೆಲರ್ ಫೌಂಡೇಷನ್ನಿನ ನೆರವಿನಿಂದ ಮಂಡ್ಯದಲ್ಲಿ ಆರೋಗ್ಯ ಘಟಕ ತೆರೆಯಿತು, 1936ರಲ್ಲಿ ಈಗಿನ ರಾಮನಗರವಾದ ಕ್ಲೋಸ್‌ಪೇಟೆಯಲ್ಲಿ ತರಬೇತಿ ಕೇಂದ್ರ ಬಂತು. ಕೊಕ್ಕೆಹುಳು ತಡೆಯಲು ಆ ಕಾಲದ ಆರೋಗ್ಯ ಇಲಾಖೆಗಳು ಹೇಳಿಕೊಟ್ಟದ್ದು ಬೈರಿಗೆಯಿಂದ ಕೊರೆದ ಕಕ್ಕಸು: ಒಂದೂಕಾಲು ಅಡಿ ಅಗಲ, 15–20 ಅಡಿ ಆಳದ ಗುಂಡಿ, ಮೇಲೊಂದು ಕಲ್ಲುಚಪ್ಪಡಿ. ಅಷ್ಟು ಮುಂಚೆ ಮೊದಲಾಗಿಯೂ 2011ರ ಜನಗಣತಿಯಲ್ಲಿ ಗ್ರಾಮೀಣ ಕರ್ನಾಟಕದ ಶೇ 28.4 ಮನೆಗಳಲ್ಲಷ್ಟೇ ಶೌಚಾಲಯವಿತ್ತು. 2014ರ ಸ್ವಚ್ಛ ಭಾರತ ಅಭಿಯಾನ 12,000 ರೂಪಾಯಿ ಪ್ರೋತ್ಸಾಹಧನ ಕೊಟ್ಟು ಆ ಚಿತ್ರವನ್ನು ಬದಲಿಸಿತು. ಎರಡು ಗುಂಡಿ ತೋಡಿ, ಒಂದು ತುಂಬಿದಾಗ ಮತ್ತೊಂದಕ್ಕೆ ತಿರುಗಿಸಿ, ಮೊದಲನೆಯದು ಗೊಬ್ಬರವಾಗಲು ಬಿಡಬೇಕೆಂಬುದು ಸೂಚನೆ. ಜನ ಕಟ್ಟಿಸಿಕೊಂಡದ್ದು ಹೆಚ್ಚಾಗಿ ಆಳವಾದ ಒಂದೇ ಗುಂಡಿ. ತುಂಬಿದಾಗ ಪಟ್ಟಣದಿಂದ ಹೀರುವ ಟ್ಯಾಂಕರ್ ಬರುತ್ತದೆ. ಅದು ಎಲ್ಲಿ ಸುರಿಯುತ್ತದೆಂದು ಕೇಳುವವರಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲತ್ಯಾಜ್ಯ ಸಂಸ್ಕರಣಾ ಘಟಕದಂಥದ್ದು ತಾಲ್ಲೂಕಿಗೊಂದಾದರೂ ಬೇಕು.

ಈಗ 55 ಲೀಟರಿನ ಲೆಕ್ಕ ಹಾಕಿ ನೋಡಿ. ಸಾವಿರ ಜನರ ಊರಿಗೆ ದಿನಕ್ಕೆ 55 ಸಾವಿರ ಲೀಟರ್ ನೀರು ಬಂದರೆ ಅದರಲ್ಲಿ ಐದರಲ್ಲಿ ನಾಲ್ಕು ಪಾಲು, ಅಂದರೆ 44 ಸಾವಿರ ಲೀಟರ್, ಬಚ್ಚಲು-ಅಡುಗೆಮನೆಯಿಂದ ಹೊರಗೆ ಬರುತ್ತದೆ. ಅದಕ್ಕೆ ಇಂಗುಗುಂಡಿಯೂ ಇಲ್ಲ, ಇಳಿಜಾರು ನೋಡಿ ಕಟ್ಟಿದ ಚರಂಡಿಯೂ ಇಲ್ಲವಾದರೆ ಬೀದಿಯಲ್ಲಿ ನಿಲ್ಲುತ್ತದೆ, ಕೊನೆಗೆ ಊರ ಕೆರೆಗೆ ಸೇರುತ್ತದೆ. ಚರಂಡಿಯೊಳಗೇ ಹಾದುಹೋದ ನಲ್ಲಿ ಪೈಪು ಒಡೆದಿದ್ದರೆ, ನೀರು ಬಿಡದ ಹೊತ್ತಿನಲ್ಲಿ ಪೈಪು ಚರಂಡಿಯನ್ನೇ ಹೀರುತ್ತದೆ. 2023ರ ಬೇಸಿಗೆಯಲ್ಲಿ ರಾಯಚೂರು, ಕೊಪ್ಪಳ ಜಿಲ್ಲೆಗಳ ಹಳ್ಳಿಗಳಲ್ಲಿ ಕಲುಷಿತ ನೀರು ಕುಡಿದು ಜನ ಸಾಲುಸಾಲಾಗಿ ವಾಂತಿಭೇದಿಗೆ ಬಿದ್ದರು, ಸಾವುಗಳಾದವು. ನಾರುಹುಣ್ಣನ್ನು ಅಳಿಸಿದ ನಾಡಿನಲ್ಲಿ ಇದಕ್ಕೆ ಕ್ಷಮೆಯಿಲ್ಲ.

ಇದೇ ಹೊತ್ತಿಗೆ ಬೆಂಗಳೂರಿನ ಕೊಳಚೆ ಸಂಸ್ಕರಣೆಯಾಗಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನಿನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಂಡು ಗದ್ದಲವಾಯಿತು, ವ್ಯಾಜ್ಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ನಡುವೆ ನಿಂತ ನೀರು ಮತ್ತೆ ಹರಿಯಿತು. 126 ಕೆರೆ ತುಂಬಿಸುವುದು ಯೋಜನೆ. ಬತ್ತಿದ ಬಾವಿಗಳಲ್ಲಿ ನೀರು ಕಂಡ ರೈತರಿಗೆ ಅದು ವರ. ಎರಡನೇ ಹಂತಕ್ಕೆ ನಿಲ್ಲಿಸಿದ ಸಂಸ್ಕರಣೆ ಅಂತರ್ಜಲಕ್ಕೆ ಸಾಕೇ ಎಂಬ ಪ್ರಶ್ನೆ ಎತ್ತಿದವರೂ ಅದೇ ಜಿಲ್ಲೆಯ ರೈತರೇ. ಮೂರನೇ ಹಂತದ ಸಂಸ್ಕರಣೆಯ ಖರ್ಚನ್ನು ಕೊಳಚೆ ಹುಟ್ಟಿಸಿದ ನಗರವೇ ಹೊರಬೇಕು. ಬೋರು ಬತ್ತಿಸಿಕೊಂಡ ಹಳ್ಳಿಯ ತಲೆಗೆ ಅದನ್ನು ಕಟ್ಟಬಾರದು.

ಹಳ್ಳಿಯವರು ನೀರಿಗೆ ದುಡ್ಡು ಕೊಡುವುದಿಲ್ಲ ಎಂಬ ಮಾತು ಕಚೇರಿಗಳಲ್ಲಿ ಬಹಳ ಕೇಳುತ್ತದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಕೊಟ್ಟದ್ದು ಎಲ್ಲಿ ಹೋಯಿತೆಂದು ಕಂಡಾಗಲೆಲ್ಲ ಅವರು ಕೊಟ್ಟಿದ್ದಾರೆ. ಪಾಲು ಪಡೆದವನ ಮೇಲೆ ಹುಟ್ಟಿನ ಕಟ್ಟು, ಬಾವಿಯ ಮೇಲೆ ಜಾತಿಯ ಕಟ್ಟು ಇಲ್ಲದ ಹಾಗೆ, ಬಡವರ ಮನೆಗೆ ರಿಯಾಯಿತಿ ಇಟ್ಟು, ಚರಂಡಿಯನ್ನೂ ಸೇರಿಸಿ ಆ ಲೆಕ್ಕವನ್ನು ಹೊಸದಾಗಿ ಬರೆಯಬೇಕಿದೆ. ಗ್ರಾಮಸಭೆ ನಿಮ್ಮ ಊರಲ್ಲೂ ನಡೆಯುತ್ತದೆ. ಮುಂದಿನ ಸಲ ಹೋದಾಗ ನೀರಿನ ದರದ ವಸೂಲಿ, ಕರೆಂಟಿನ ಬಾಕಿ, ಕಳೆದ ಪರೀಕ್ಷೆಯಲ್ಲಿ ನೀರಿನ ಗುಣ ಹೇಗಿತ್ತು ಎಂಬ ವಿವರವನ್ನು ಓದಿ ಹೇಳಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಿ. ನೀರುಗಂಟಿಗೆ ಯಾವ ತಿಂಗಳವರೆಗೆ ಸಂಬಳ ಸಂದಿದೆ ಎಂಬ ಪ್ರಶ್ನೆಯಿಂದಲೇ ಶುರುಮಾಡಿ.